ಹುತ್ತ, ಗುಡುಗು, ಜಹ್ನು: ಪರೋಕ್ಷ ಉಲ್ಲೇಖವನ್ನು ನಾನು ಓದುವ, ಬರೆಯುವ ಬಗೆ

ಗೋಪಾಲಕೃಷ್ಣ ಅಡಿಗರ ‘ಶ್ರೀರಾಮನವಮಿಯ ದಿವಸ’ ಕವನದ ಕೊನೆಗೆ ‘ಹುತ್ತಗಟ್ಟದೆ ಚಿತ್ತ’ ಎಂಬ ಮಾತು ಬರುತ್ತದೆ. ಹುತ್ತ ಕಂಡ ಕೂಡಲೇ ಅಂಚಿನಲ್ಲಿ ‘ವಾಲ್ಮೀಕಿ’ ಎಂದು ಬರೆದು ಮುಂದಕ್ಕೆ ಹೋಗುವವರೇ ಹೆಚ್ಚು. ಅಲ್ಲಿಗೆ ಗುರುತು ಹಿಡಿದದ್ದಾಯಿತು, ಓದಿದ್ದಾಗಲಿಲ್ಲ. ಕಥೆಯಲ್ಲಿ ಹುತ್ತ ಬೆಳೆದದ್ದು ತಪಸ್ಸಿಗೆ ಕೂತವನ ಮೈಮೇಲೆ. ಕವನದಲ್ಲಿ ಅದು ಕಟ್ಟಬೇಕಾದದ್ದು ಚಿತ್ತಕ್ಕೆ. ಕಥೆಯಲ್ಲಿ ಕೂತವನಿಗೆ ಗೊತ್ತಿಲ್ಲದೆಯೇ ಆದದ್ದು ಇಲ್ಲಿ ಷರತ್ತಾಗಿದೆ: ಹುತ್ತಗಟ್ಟದಿದ್ದರೆ ಆ ಪುರುಷೋತ್ತಮನ ರೂಪರೇಖೆಯನ್ನು ಮತ್ತೆ ಕೆತ್ತಲಾದೀತೇ ಎಂಬ ಪ್ರಶ್ನೆ. ಹೀಗೆ ಹಳೆಯ ಕಥೆಯನ್ನೋ ಕೃತಿಯನ್ನೋ ನೇರವಾಗಿ ಹೇಳದೆ ನೆನಪಿಸುವುದೇ ಪರೋಕ್ಷ ಉಲ್ಲೇಖ. ಅದರಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಮೂಲದ ಯಾವ ಭಾಗ ಕದಲಿದೆ?

ಮೊದಲ ಓದಿನಲ್ಲಿ ಏನನ್ನೂ ಹುಡುಕುವುದಿಲ್ಲ. ಪೆನ್ಸಿಲ್ ಹಿಡಿದು, ಕಾಲು ಎಡವುವ ಜಾಗಕ್ಕೆ ಮಾತ್ರ ಗೆರೆ ಹಾಕುತ್ತೇನೆ. ಸುತ್ತಲಿನ ಮಾತಿಗೆ ಹೊಂದದಷ್ಟು ಹಳೆಯ ಪದ, ಸಂದರ್ಭಕ್ಕೆ ಬೇಡದ ಒಂದು ಸಂಖ್ಯೆ, ಅಲ್ಲಿ ಇರಲೇಬೇಕಾದ ಕಾರಣವಿಲ್ಲದ ಒಂದು ಮರವೋ ಪ್ರಾಣಿಯೋ. ಎರಡನೆಯ ಓದಿನಲ್ಲಿ ಗೆರೆ ಬಿದ್ದ ಕಡೆ ಮಾತ್ರ ಮೂಲಕ್ಕೆ ಹೋಗುತ್ತೇನೆ. ಹೋದಾಗ ಆ ಒಂದು ಸಾಲಷ್ಟೇ ಸಾಲದು, ಅದರ ಹಿಂದಿನ ಮುಂದಿನ ಹತ್ತು ಹತ್ತು ಸಾಲು ಓದಬೇಕು. ಕವಿ ಬಿಟ್ಟದ್ದು ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

ಮೂಲ ಯಾವುದು ಎನ್ನುವಲ್ಲಿ ಒಂದು ಎಚ್ಚರ. ಈ ಹುತ್ತದ ಕಥೆಯಾಗಲಿ, ದಿನಬೆಳಗಾದರೆ ಬಳಸುವ ಲಕ್ಷ್ಮಣರೇಖೆಯಾಗಲಿ ವಾಲ್ಮೀಕಿ ರಾಮಾಯಣದಲ್ಲಿಲ್ಲ. ಹುತ್ತದ ಕಥೆ ಅಧ್ಯಾತ್ಮ ರಾಮಾಯಣದ ಅಯೋಧ್ಯಾಕಾಂಡದಲ್ಲಿದೆ. ಹರಿಕಥೆ, ಯಕ್ಷಗಾನ, ಅಜ್ಜಿಯ ಬಾಯಿ, ಇವೂ ಮೂಲಗಳೇ. ಸಂಸ್ಕೃತ ಪುಸ್ತಕದಲ್ಲಿ ಸಿಗಲಿಲ್ಲವೆಂದು ಉಲ್ಲೇಖವೇ ಇಲ್ಲ ಅನ್ನುವಂತಿಲ್ಲ.

ಆಮೇಲೆ ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಮೂಲ, ಬಲಕ್ಕೆ ಕವನ. ಈ ಕೆಲಸಕ್ಕೆ ಟಿ.ಎಸ್. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ (1922) ಕವನದ ಐದನೆಯ ಭಾಗಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಎಡಗಡೆ ಬೃಹದಾರಣ್ಯಕ ಉಪನಿಷತ್ತಿನ 5.2. ಪ್ರಜಾಪತಿಯ ಬಳಿ ಕಲಿತ ದೇವತೆಗಳು, ಮನುಷ್ಯರು, ಅಸುರರು ಒಬ್ಬರಾದ ಮೇಲೊಬ್ಬರು ಉಪದೇಶ ಕೇಳುತ್ತಾರೆ. ಮೂವರಿಗೂ ಅವನು ಹೇಳುವುದು ‘ದ’ ಎಂಬ ಒಂದೇ ಅಕ್ಷರ. ದೇವತೆಗಳಿಗೆ ಅದು ‘ದಾಮ್ಯತ’, ನಿಮ್ಮನ್ನು ಹಿಡಿತದಲ್ಲಿಟ್ಟುಕೊಳ್ಳಿ. ಮನುಷ್ಯರಿಗೆ ‘ದತ್ತ’, ಕೊಡಿ. ಅಸುರರಿಗೆ ‘ದಯಧ್ವಂ’, ದಯೆ ತೋರಿ. ಪ್ರತಿ ಸಲವೂ ‘ಓಂ, ತಿಳಿದುಕೊಂಡಿರಿ’ ಎಂದು ಪ್ರಜಾಪತಿ ಒಪ್ಪಿಗೆ ಕೊಡುತ್ತಾನೆ. ಗುಡುಗು ಇಂದಿಗೂ ಅದನ್ನೇ ‘ದ ದ ದ’ ಎನ್ನುತ್ತಿದೆ ಎನ್ನುತ್ತದೆ ಉಪನಿಷತ್ತು.

ಈಗ ಬಲಗಡೆ. ಎಲಿಯಟ್‌ನಲ್ಲಿ ಕ್ರಮ ದತ್ತ, ದಯಧ್ವಂ, ದಾಮ್ಯತ. ಮನುಷ್ಯರ ಪಾಲಿನದು ಮೊದಲಿಗೆ ಬಂದಿದೆ, ದೇವತೆಗಳದ್ದು ಕೊನೆಗೆ ಹೋಗಿದೆ. ದೇವತೆ, ಅಸುರ, ಪ್ರಜಾಪತಿ ಯಾರೂ ಇಲ್ಲ. ಉಳಿದದ್ದು ಗುಡುಗು, ಅದನ್ನು ಕೇಳುವ ‘ನಾವು’. ‘ದತ್ತ’ ಎಂದ ಬೆನ್ನಿಗೇ ನಾವು ಏನು ಕೊಟ್ಟಿದ್ದೇವೆ ಎಂಬ ಪ್ರಶ್ನೆ. ‘ತಿಳಿದುಕೊಂಡಿರಿ’ ಎಂಬ ಒಪ್ಪಿಗೆ ಎಲ್ಲೂ ಇಲ್ಲ. ಉಪನಿಷತ್ತಿನ ಶಿಷ್ಯರೆಲ್ಲ ಪಾಸಾದವರು. ಇಲ್ಲಿ ಪಾಸು ಮಾಡುವವನೇ ಕಾಣೆ. ಭಾರತೀಯ ಜ್ಞಾನಕ್ಕೆ ಕವಿ ಸಲ್ಲಿಸಿದ ಗೌರವ ಎಂದಷ್ಟೇ ಪರೀಕ್ಷೆಯಲ್ಲಿ ಬರೆಯುವವರು ಬಲಗಡೆಯ ಅಂಕಣವನ್ನು ಖಾಲಿ ಬಿಟ್ಟಿರುತ್ತಾರೆ.

ಕನ್ನಡದವರಿಗೆ ಇಲ್ಲಿ ಇನ್ನೊಂದು ಗುಂಡಿ ಇದೆ. ‘ದತ್ತ’ ಎಂದರೆ ನಮ್ಮ ಕಿವಿಗೆ ದತ್ತು, ದೇವದತ್ತ, ಅಂದರೆ ‘ಕೊಟ್ಟದ್ದು’. ಇಲ್ಲಿರುವುದು ಆಜ್ಞೆ, ‘ಕೊಡಿ’. ಗೊತ್ತಿರುವ ಪದವೇ ದಾರಿ ತಪ್ಪಿಸುತ್ತದೆ. ಅಂದಹಾಗೆ, ಈ ಕವನ ಮೊದಲು ಪತ್ರಿಕೆಗಳಲ್ಲಿ ಬಂದಾಗ ಮೂಲಗಳನ್ನು ಹೇಳುವ ಎಲಿಯಟ್‌ನದೇ ಟಿಪ್ಪಣಿಗಳಿರಲಿಲ್ಲ. ಅದೇ ವರ್ಷ ಪುಸ್ತಕವಾದಾಗ ಸೇರಿದವು. ಟಿಪ್ಪಣಿಯಿಂದ ಓದು ಶುರು ಮಾಡಬೇಡಿ ಎನ್ನಲು ನನಗೆ ಇದೂ ಒಂದು ನೆಪ.

ಇಲ್ಲದ ಉಲ್ಲೇಖವನ್ನು ಕಾಣುವುದು ಇದಕ್ಕೆ ವಿರುದ್ಧವಾದ ತಪ್ಪು. ಕುಮಾರವ್ಯಾಸನ ಸಾಲು ಕಿವಿಯಲ್ಲಿ ಕೂತವರಿಗೆ ಪಂಪನಲ್ಲೂ ಅದೇ ಕೇಳಿಸುತ್ತದೆ. ಪಂಪ ಭಾರತ ಬರೆದದ್ದು 941ರ ಸುಮಾರಿಗೆ, ಕುಮಾರವ್ಯಾಸ ಬಂದದ್ದು ಶತಮಾನಗಳ ನಂತರ. ಹಾಗಾಗಿ ಮೊದಲು ಕಾಲ ನೋಡುತ್ತೇನೆ. ಆಮೇಲೆ ಆ ಮಾತನ್ನು ತೆಗೆದು ಸಾದಾ ಪದ ಹಾಕಿ ಓದುತ್ತೇನೆ. ‘ಚಿತ್ತ ಗಟ್ಟಿಯಾಗದೆ’ ಎಂದು ಓದಿದರೆ ಅಡಿಗರ ಸಾಲು ಕುಸಿಯುತ್ತದೆ, ಉಲ್ಲೇಖ ನಿಜ. ಏನೂ ಕಳೆಯಲಿಲ್ಲವೆಂದರೆ ಗೆರೆ ಅಳಿಸುತ್ತೇನೆ.

ಬರೆಯುವಾಗಲೂ ಇದೇ ಅಳತೆ. ‘ಬೀದಿಗೆ ನೀರು ತರಲು ಭಗೀರಥ ಪ್ರಯತ್ನ ನಡೆಸಿದರು’ ಎಂಬ ವಾಕ್ಯದಲ್ಲಿ ಭಗೀರಥನಿಗೆ ಜೀವವಿಲ್ಲ. ತ್ರಿಶಂಕು ಸ್ಥಿತಿ, ಕುಂಭಕರ್ಣ ನಿದ್ದೆಗಳದ್ದೂ ಇದೇ ಗತಿ: ಹೆಸರಿದೆ, ಕಥೆ ಕಾಣುವುದಿಲ್ಲ. ಜೀವ ಬರಬೇಕಾದರೆ ಹೆಸರು ತೆಗೆದು ಕಥೆಯ ಬಳಕೆಯಾಗದ ಅಂಗವೊಂದನ್ನು ಹಿಡಿಯಬೇಕು. ಗಂಗೆ ಇಳಿದು ಬರುವಾಗ ದಾರಿಯಲ್ಲಿ ಜಹ್ನು ಮುನಿ ಅವಳನ್ನು ಪೂರ್ತಿ ಕುಡಿದು, ಆಮೇಲೆ ಕಿವಿಯಿಂದ ಬಿಡುತ್ತಾನೆ. ಅದನ್ನು ಹಿಡಿದು: ‘ಕೊನೆಗೂ ನೀರು ಬೀದಿಗಿಳಿಯಿತು. ಮೂಲೆಮನೆಯ ಜಹ್ನು ಮೋಟರ್ ಹಾಕಿದ.’ ಕಥೆ ಗೊತ್ತಿದ್ದವರು ನಗುತ್ತಾರೆ. ಗೊತ್ತಿಲ್ಲದವರು ಜಹ್ನು ಎಂದರೆ ಆ ಮನೆಯವನ ಹೆಸರು ಅಂದುಕೊಂಡು ಮುಂದೆ ಹೋಗುತ್ತಾರೆ. ವಾಕ್ಯ ಇಬ್ಬರಿಗೂ ನಿಲ್ಲುತ್ತದೆ.

ಇಷ್ಟಾದ ಮೇಲೆ ಕೈ ತುರಿಸುತ್ತದೆ. ‘ಇನ್ನು ಕಿವಿಯಿಂದ ಬಿಡುವವರೆಗೆ ಕಾಯಬೇಕು’ ಎಂದು ಸೇರಿಸಿದರೆ ಕಥೆ ಗೊತ್ತಿಲ್ಲದವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ, ಗೊತ್ತಿದ್ದವರಿಗೆ ವಿವರಿಸಿ ಹೇಳಿದ ನಗೆಹನಿಯಾಗುತ್ತದೆ. ಏಳೆಂಟುನೂರು ಪದಗಳ ಪ್ರಬಂಧಕ್ಕೆ ಇಂಥವು ಎರಡು ಸಾಕು, ಅವೂ ಒಂದೇ ಪುಟದಲ್ಲಿ ಬೇಡ. ಕಿವಿಯ ವಾಕ್ಯವನ್ನು ನಾನು ಹೊಡೆದು ಹಾಕುತ್ತೇನೆ, ಎಷ್ಟೇ ಇಷ್ಟವಾದರೂ.