ನೆಟ್‌ವರ್ಕ್ ಕಿಟಕಿ ಖಾಲಿ ಇದ್ದರೂ ಲಿನಕ್ಸ್‌ನಿಂದ ಶೇರ್ ಫೋಲ್ಡರ್ ತೆರೆಯುವುದು

ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿ ಅಂದುಕೊಳ್ಳಿ. ಗಲ್ಲಾ ಪಕ್ಕದ ವಿಂಡೋಸ್ ಕಂಪ್ಯೂಟರಿನಲ್ಲಿ ಟ್ಯಾಲಿ ಮತ್ತು ಮೆಕ್ಕೆಜೋಳದ ಆವಕದ ಪಟ್ಟಿ, ಒಳಗಿನ ಹಳೇ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್. ಮಿಂಟ್‌ನಲ್ಲಿ ‘ನೆಟ್‌ವರ್ಕ್’ ಒತ್ತಿದರೆ ಏನೂ ಕಾಣುವುದಿಲ್ಲ. ಬಹಳ ಮಂದಿ ಅಲ್ಲಿಗೇ ಕೈಬಿಟ್ಟು ಪೆನ್‌ಡ್ರೈವ್ ಹುಡುಕುತ್ತಾರೆ. ಕಂಪ್ಯೂಟರ್ ಪಟ್ಟಿಯಲ್ಲಿ ಕಾಣುವುದು ಬೇರೆ, ಅದರ ಫೋಲ್ಡರ್ ತೆರೆಯುವುದು ಬೇರೆ. ಮೊದಲನೆಯದು ಆಗದಿದ್ದರೂ ಎರಡನೆಯದು ಆಗುತ್ತದೆ.

ಮೊದಲೆಲ್ಲ ಆ ಪಟ್ಟಿ ತುಂಬುತ್ತಿದ್ದುದು ವಿಂಡೋಸ್‌ನ ಫೈಲ್ ಹಂಚಿಕೆ ವಿಧಾನದ ಹಳೇ ಆವೃತ್ತಿಯಾದ ಎಸ್‌ಎಂಬಿ 1ರ ನೆರವಿನಿಂದ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ವೈರಸ್ ಹರಡಿದ್ದು ಇದರ ದೋಷದಿಂದಲೇ. ಅದೇ ವರ್ಷದ ವಿಂಡೋಸ್ 10ರ 1709 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ತೆಗೆಯತೊಡಗಿತು, 2019ರಲ್ಲಿ ಲಿನಕ್ಸ್‌ನ ಫೈಲ್ ಹಂಚಿಕೆ ತಂತ್ರಾಂಶ ಸಾಂಬಾ 4.11 ಕೂಡ ಆಫ್ ಮಾಡಿತು. ಈಗಿನ ವಿಂಡೋಸ್ ತಾನಿರುವುದನ್ನು ಡಬ್ಲ್ಯುಎಸ್-ಡಿಸ್ಕವರಿ ಮೂಲಕ ತಿಳಿಸುತ್ತದೆ. ಹಳೆಯ ಲಿನಕ್ಸ್ ಡೆಸ್ಕ್‌ಟಾಪ್‌ಗಳಿಗೆ ಅದು ಕೇಳಿಸುವುದಿಲ್ಲ. ಪಟ್ಟಿ ತುಂಬಲೆಂದು ಎಸ್‌ಎಂಬಿ 1 ಮತ್ತೆ ಆನ್ ಮಾಡಲೇಬೇಡಿ.

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಕೊಟ್ಟು ಐಪಿ (ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರಿನ ವಿಳಾಸ) ನೋಡಿಕೊಳ್ಳಿ, ಉದಾಹರಣೆಗೆ 192.168.1.10. ಲಿನಕ್ಸ್‌ನ ಫೈಲ್ ಕಿಟಕಿಯಲ್ಲಿ ಕಂಟ್ರೋಲ್ ಮತ್ತು ಎಲ್ ಒತ್ತಿ, ಎಸ್‌ಎಂಬಿ://192.168.1.10/ ಎಂದು ಟೈಪ್ ಮಾಡಿ. (ಇಲ್ಲಿ ಟೈಪ್ ಮಾಡಲು ಹೇಳಿರುವುದೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲಿ.) ಲಿನಕ್ಸ್‌ನ ಫೈಲ್ ಮ್ಯಾನೇಜರ್‌ಗಳಾದ ನೀಮೋ, ನಾಟಿಲಸ್, ಡಾಲ್ಫಿನ್ ಮೂರರಲ್ಲೂ ಇದೇ ದಾರಿ. ತೆರೆದ ಮೇಲೆ ಬುಕ್‌ಮಾರ್ಕ್ ಮಾಡಿಡಿ.

ಪಾಸ್‌ವರ್ಡ್ ಕೇಳುವ ಹಂತದಲ್ಲೇ ಹೆಚ್ಚಿನವರು ಸಿಕ್ಕಿಕೊಳ್ಳುತ್ತಾರೆ. ವಿಂಡೋಸ್ ತೆರೆಯಲು ಒತ್ತುವ ನಾಲ್ಕಂಕಿಯ ಪಿನ್ ನೆಟ್‌ವರ್ಕ್‌ನಲ್ಲಿ ನಡೆಯುವುದಿಲ್ಲ, ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಪಾಸ್‌ವರ್ಡೇ ಇಲ್ಲದ ಖಾತೆಯನ್ನೂ ವಿಂಡೋಸ್ ಹೊರಗಿನಿಂದ ಒಳಗೆ ಬಿಡುವುದಿಲ್ಲ. ಶೇರ್‌ಗೆಂದೇ ಬೇರೊಂದು ಲೋಕಲ್ ಖಾತೆ ತೆರೆದು, ಪಾಸ್‌ವರ್ಡ್ ಇಟ್ಟು, ಟ್ಯಾಲಿ ಡೇಟಾಕ್ಕೆ ಓದುವ ಅನುಮತಿ ಮಾತ್ರ ಕೊಡುವುದು ಎಲ್ಲಕ್ಕಿಂತ ವಾಸಿ. ಲಾಗಿನ್ ಆದರೂ ಫೋಲ್ಡರ್ ‘ಅನುಮತಿ ಇಲ್ಲ’ ಎಂದರೆ, ವಿಂಡೋಸ್‌ನಲ್ಲಿ ಆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಶೇರಿಂಗ್ ಮತ್ತು ಸೆಕ್ಯುರಿಟಿ ಎರಡೂ ಟ್ಯಾಬ್ ನೋಡಿ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ.

ಪಾಸ್‌ವರ್ಡ್ ಕೇಳುವ ಮೊದಲೇ ನಿಂತು ಹೋದರೆ ತೊಂದರೆ ದಾರಿಯಲ್ಲಿದೆ. ಕಂಪ್ಯೂಟರ್ ಸಿಗುತ್ತದೆಯೇ ಎಂದು ನೋಡುವ ಪಿಂಗ್ ಕಮಾಂಡ್ ನಂಬಬೇಡಿ, ವಿಂಡೋಸ್ ಫೈರ್‌ವಾಲ್ ಅದನ್ನು ತಡೆದಿರಬಹುದು. ಟರ್ಮಿನಲ್‌ನಲ್ಲಿ ‘ಎನ್‌ಸಿ -ಝಡ್‌ವಿ 192.168.1.10 445’ ಕೊಡಿ; 445 ಎಂದರೆ ಫೈಲ್ ಹಂಚಿಕೆಯ ಪೋರ್ಟ್. ಉತ್ತರ ಬರದಿದ್ದರೆ ವಿಂಡೋಸ್‌ನಲ್ಲಿ ನೆಟ್‌ವರ್ಕ್ ‘ಪಬ್ಲಿಕ್’ ಆಗಿರಬಹುದು, ‘ಪ್ರೈವೇಟ್’ ಮಾಡಿ ಫೈಲ್ ಶೇರಿಂಗ್ ಆನ್ ಮಾಡಿ. ಲಿನಕ್ಸ್ ಕಂಪ್ಯೂಟರ್ ರೂಟರಿನ ಗೆಸ್ಟ್ ವೈಫೈಗೆ ಸೇರಿಕೊಂಡಿದ್ದರೂ ಹೀಗೇ ಆಗುತ್ತದೆ.

ನಿನ್ನೆ ತೆರೆದದ್ದು ಇಂದು ತೆರೆಯುತ್ತಿಲ್ಲವೇ? ಕರೆಂಟ್ ಹೋಗಿ ಬಂದಿತ್ತೇ ಕೇಳಿ. ರೂಟರ್ ಮತ್ತೆ ಶುರುವಾದಾಗ ವಿಂಡೋಸ್ ಕಂಪ್ಯೂಟರಿಗೆ 192.168.1.10ರ ಬದಲು 192.168.1.14 ಹಂಚಿರಬಹುದು. ರೂಟರಿನಲ್ಲಿ ಐಪಿ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ವಿಂಡೋಸ್ ಕಂಪ್ಯೂಟರಿನ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಒಂದೇ ಐಪಿ ಕಾಯ್ದಿರಿಸಿದರೆ ಈ ಕಾಟ ತಪ್ಪುತ್ತದೆ.

ದಿನವೂ ಬಳಸುವ ಫೋಲ್ಡರ್ ಆದರೆ ಲಿನಕ್ಸ್‌ನಲ್ಲಿ ಸಿಐಎಫ್‌ಎಸ್-ಯುಟಿಲ್ಸ್ ಪ್ಯಾಕೇಜ್ ಹಾಕಿಕೊಂಡು, ಬೂಟ್ ಆಗುವಾಗ ಏನೇನು ಜೋಡಿಸಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಸೇರಿಸಿ. ಶೇರ್ ಹೆಸರಿನಲ್ಲಿ ಖಾಲಿ ಜಾಗ ಬೇಡ, ಎಫ್‌ಎಸ್‌ಟ್ಯಾಬ್ ಅಲ್ಲೇ ಸಾಲು ಮುರಿದಂತೆ ಓದುತ್ತದೆ. ಆ ಸಾಲಿನಲ್ಲಿ ಯುಐಡಿ=1000 (ಸಾಮಾನ್ಯವಾಗಿ ಮೊದಲ ಬಳಕೆದಾರರ ಸಂಖ್ಯೆ) ಹಾಕದಿದ್ದರೆ ಫೈಲುಗಳು ರೂಟ್, ಅಂದರೆ ಅಡ್ಮಿನ್ ಹೆಸರಿಗೆ ಹೋಗಿ ನಿಮಗೆ ಬರೆಯಲಾಗದು. ಕನ್ನಡದ ಫೈಲ್ ಹೆಸರುಗಳು ಕೆಡದಿರಲು ಐಒಕ್ಯಾರ್‌ಸೆಟ್=ಯುಟಿಎಫ್8 ಇರಲಿ. ನೋಫೇಲ್ ಮರೆಯಬೇಡಿ: ಅದಿಲ್ಲದೆ, ಬೆಳಿಗ್ಗೆ ವಿಂಡೋಸ್ ಇನ್ನೂ ಆನ್ ಆಗಿರದಿದ್ದರೆ ಲಿನಕ್ಸ್ ಬೂಟ್ ಆಗುವಾಗಲೇ ನಿಂತುಬಿಡಬಹುದು. ಪಾಸ್‌ವರ್ಡ್ ಆ ಸಾಲಿನಲ್ಲಿ ಬರೆಯದೆ ಬೇರೆ ಫೈಲಿನಲ್ಲಿಟ್ಟು ಅದಕ್ಕೆ 600 ಅನುಮತಿ (ಮಾಲೀಕರಷ್ಟೇ ಓದಿ ಬರೆಯುವಂತೆ) ಕೊಡಿ. ಆಮೇಲೆ ‘ಸುಡೊ ಮೌಂಟ್ -ಎ’ ಓಡಿಸಿ; ತಪ್ಪಿದ್ದರೆ ರೀಬೂಟ್ ಮಾಡುವ ಮೊದಲೇ ಅಲ್ಲೇ ಹೇಳುತ್ತದೆ.