ಕರೆಂಟು ಬಂತು, ವೈಫೈ ಬರಲಿಲ್ಲ: ಏನು ಮಾಡುವುದು?

ತುಲಾ ತಿಂಗಳಲ್ಲಿ ಕಾಸರಗೋಡಿನ ಕಡೆ ಸಂಜೆ ಗುಡುಗು ಶುರುವಾದರೆ ಕರೆಂಟು ಹೋಯಿತೆಂದೇ ಲೆಕ್ಕ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಿಗೆ ಇದೇನೂ ಹೊಸತಲ್ಲ. ಸ್ವಲ್ಪ ಹೊತ್ತಿಗೆ ಕರೆಂಟು ಬರುತ್ತದೆ, ಫ್ಯಾನು ತಿರುಗುತ್ತದೆ, ರೂಟರಿನ ದೀಪವೂ ಉರಿಯುತ್ತದೆ. ಆದರೆ ಫೋನು ವೈಫೈಗೆ ಸೇರುವುದಿಲ್ಲ. ಫೋನು ಸೇರಿದರೆ ಚಾವಡಿಯ ಟಿವಿ ಸೇರುವುದಿಲ್ಲ. ಟಿವಿಯೂ ಸೇರಿತು ಅನ್ನುವಾಗ ಅಡಿಕೆ ಒಣಹಾಕಿದ ಅಂಗಳದ ಕ್ಯಾಮೆರಾ ನಾಪತ್ತೆ.

ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ರೂಟರ್ ಆಫ್, ಆನ್, ಮತ್ತೆ ಆಫ್, ಮತ್ತೆ ಆನ್. ಇದರಿಂದ ಉಪಕಾರಕ್ಕಿಂತ ಉಪದ್ರವೇ ಜಾಸ್ತಿ. ಯಾಕೆಂದು ಮುಂದೆ ಹೇಳುತ್ತೇನೆ. ಮೊದಲು ತಿಳಿಯಬೇಕಾದ್ದು, ತೊಂದರೆ ಹೊರಗಿನ ಲೈನಿನದ್ದೋ, ರೂಟರಿನದ್ದೋ, ಅಥವಾ ನಿಮ್ಮ ಫೋನು ಟಿವಿಯದ್ದೋ ಅಂತ.

ಇನ್ನೊಂದು ಎಚ್ಚರಿಕೆ. ರೂಟರಿನ ಹಿಂದೆ ಅಥವಾ ಅಡಿಯಲ್ಲಿ ಪಿನ್ನು ಹಾಕಿ ಒತ್ತುವ ಸಣ್ಣ ತೂತು ಇದೆಯಲ್ವಾ, ಅದನ್ನು ಮುಟ್ಟಬೇಡಿ. ಅದು ರೀಸ್ಟಾರ್ಟ್ ಅಲ್ಲ, ರೀಸೆಟ್. 10 ಸೆಕೆಂಡಿನಷ್ಟು ಒತ್ತಿ ಹಿಡಿದರೆ ವೈಫೈ ಹೆಸರು, ಪಾಸ್‌ವರ್ಡ್ ಜೊತೆಗೆ ಕಂಪನಿಯವರು ಹಾಕಿಟ್ಟ ಯೂಸರ್‌ನೇಮ್ ಕೂಡ ಅಳಿಸಿಹೋಗಬಹುದು. ಆಮೇಲೆ ಟೆಕ್ನಿಷಿಯನ್ನೇ ಬರಬೇಕು. ಸಿಡಿಲಿನ ಮರುದಿನ ಅವರು ಯಾರ ಕೈಗೆ ಸಿಗುತ್ತಾರೆ?

ಮೊದಲು ದೀಪ ನೋಡಿ

ಫೈಬರ್ ಲೈನ್ ಇರುವ ಮನೆಯಾದರೆ, ಹಳದಿ ಅಥವಾ ಬಿಳಿ ಬಣ್ಣದ ಸಪೂರ ಕೇಬಲ್ ಬಂದು ಸೇರುವ ಪೆಟ್ಟಿಗೆಯ ಮುಂದೆ ನಿಲ್ಲಿ. ಅದರಲ್ಲಿ ಪಿಒಎನ್ (PON) ಎಂಬ ದೀಪ ಮಿನುಗದೆ ಉರಿಯುತ್ತಿದ್ದರೆ ಲೈನ್ ಸರಿ ಇದೆ. ಮಿನುಗುತ್ತಿದ್ದರೆ ಪೆಟ್ಟಿಗೆ ಇನ್ನೂ ಕಂಪನಿಯ ಯಂತ್ರದ ಜೊತೆ ಮಾತಾಡಲು ನೋಡುತ್ತಿದೆ, ಕಾಯಿರಿ. ಎಲ್‌ಒಎಸ್ (LOS) ಎಂಬಲ್ಲಿ ಕೆಂಪು ದೀಪ ಕಂಡರೆ ಬೆಳಕಿನ ಸಿಗ್ನಲ್ ಮನೆವರೆಗೆ ಬರುತ್ತಲೇ ಇಲ್ಲ. ಆಗ ಫೋನಿನಲ್ಲಿ ಏನು ಒತ್ತಿಯೂ ಪ್ರಯೋಜನ ಇಲ್ಲ.

ಕೆಂಪು ದೀಪ ಅಂದ ಕೂಡಲೇ ಕೇಬಲ್ ತುಂಡಾಗಿದೆ ಅಂತಲ್ಲ. ನಿಮ್ಮಲ್ಲಿ ಕರೆಂಟು ಬಂದರೂ ಕೇಬಲ್‌ನವರ ಯಂತ್ರ ಇರುವ ಪೇಟೆಯಲ್ಲಿ ಬಂದಿರಲಿಕ್ಕಿಲ್ಲ. ಅದೇ ಲೈನಿನ ಪಕ್ಕದ ಮನೆಗೆ ಕೇಳಿ ನೋಡಿ. ಅವರಲ್ಲಿ ಸರಿ ಇದ್ದು ನಿಮ್ಮಲ್ಲಿ ಮಾತ್ರ ಕೆಂಪು ಇದ್ದರೆ ಮೇಜಿನ ಹಿಂದೆ ಕೇಬಲ್ ಮಡಚಿಕೊಂಡಿದೆಯೋ ಪರೀಕ್ಷಿಸಿ. ಗಾಜಿನ ಎಳೆ ತೀರಾ ಬಾಗಿದರೆ ಬೆಳಕು ಸೋರುತ್ತದೆ. ಹೊರಗಡೆ ತೆಂಗಿನ ಮಡಲು ಬಿದ್ದು ಕೇಬಲ್ ಜೋತಾಡುತ್ತಿದೆಯೋ ಅಂತಲೂ ಒಮ್ಮೆ ಕಣ್ಣು ಹಾಯಿಸಿ. ಕೇಬಲ್ ಕಳಚಿ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುವವರಿದ್ದಾರೆ, ದಯವಿಟ್ಟು ಬೇಡ. ಅದರೊಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಕಸ್ಟಮರ್ ಕೇರಿಗೆ ಫೋನು ಮಾಡಿದರೆ ಮಲಯಾಳದಲ್ಲಿ ಬರುವ ಮೊದಲ ಪ್ರಶ್ನೆಯೂ ಸಾಮಾನ್ಯವಾಗಿ ಈ ದೀಪದ್ದೇ. ನೋಡಿಟ್ಟುಕೊಂಡೇ ಫೋನು ಮಾಡಿದರೆ ಮಾತು ಬೇಗ ಮುಗಿಯುತ್ತದೆ.

ಸರಿಯಾಗಿ ಒಂದೇ ಸಲ ರೀಸ್ಟಾರ್ಟ್ ಮಾಡಿ

ಕೆಲವು ಮನೆಗಳಲ್ಲಿ ಪೆಟ್ಟಿಗೆ ಎರಡಿರುತ್ತವೆ. ಒಂದು ಫೈಬರಿನದ್ದು, ಇನ್ನೊಂದು ಅಂಗಡಿಯಿಂದ ತಂದ ವೈಫೈ ರೂಟರ್. ಕರೆಂಟು ಬಂದಾಗ ಎರಡೂ ಒಟ್ಟಿಗೆ ಏಳುತ್ತವೆ. ರೂಟರ್ ಮೊದಲು ತಯಾರಾಗಿ ಇಂಟರ್ನೆಟ್ ಕೇಳುತ್ತದೆ, ಫೈಬರ್ ಪೆಟ್ಟಿಗೆ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಕೆಲವು ರೂಟರ್‌ಗಳು ಅಲ್ಲಿಗೇ ಸುಮ್ನೆ ಕೂತುಬಿಡುತ್ತವೆ.

ಅದಕ್ಕೆ ಎರಡನ್ನೂ ಆಫ್ ಮಾಡಿ, ಅರ್ಧ ನಿಮಿಷ ಬಿಡಿ. ಫೈಬರ್ ಪೆಟ್ಟಿಗೆಯನ್ನು ಮೊದಲು ಆನ್ ಮಾಡಿ. ಪಿಒಎನ್ ದೀಪ ಮಿನುಗುವುದು ಬಿಟ್ಟು ಒಂದೇ ಸಮನೆ ಉರಿಯತೊಡಗಿದ ಮೇಲೆ ರೂಟರ್ ಆನ್ ಮಾಡಿ. ಆಮೇಲೆ 5 ನಿಮಿಷ ಏನನ್ನೂ ಮುಟ್ಟಬೇಡಿ.

ಆ 5 ನಿಮಿಷಕ್ಕೆ ಕಾರಣ ಇದೆ. ಯೂಸರ್‌ನೇಮ್ ಹಾಕಿ ಲಾಗಿನ್ ಆಗುವ ಕನೆಕ್ಷನ್‌ಗಳಲ್ಲಿ, ಕರೆಂಟು ಪಕ್ಕನೆ ಹೋದರೆ ಹಳೆಯ ಲಾಗಿನ್ ಕಂಪನಿಯ ಸರ್ವರಿನಲ್ಲಿ ಸ್ವಲ್ಪ ಹೊತ್ತು ಹಾಗೆಯೇ ಉಳಿಯಬಹುದು. ಒಬ್ಬರಿಗೆ ಒಂದೇ ಲಾಗಿನ್ ಎಂಬ ನಿಯಮ ಇದ್ದರೆ ಹೊಸತಕ್ಕೆ ಬಾಗಿಲು ಮುಚ್ಚಿರುತ್ತದೆ. ಆಗ ಫೋನಿನಲ್ಲಿ ‘ಕನೆಕ್ಟೆಡ್, ನೋ ಇಂಟರ್ನೆಟ್’ ಅಂತ ಕಾಣುತ್ತದೆ. ಕಾದರೆ ತಾನೇ ಸರಿಯಾಗುತ್ತದೆ. ಪದೇಪದೇ ಆಫ್ ಆನ್ ಮಾಡಿದರೆ ಕಾಯುವ ಹೊತ್ತು ಉದ್ದವಾಗುತ್ತದೆ, ಅಷ್ಟೆ.

ಹಲವು ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡಿನಲ್ಲಿ, ಅಂದರೆ ಎರಡು ಬಗೆಯ ರೇಡಿಯೋ ಅಲೆಯಲ್ಲಿ, ವೈಫೈ ಕೊಡುತ್ತವೆ. ಅದರಲ್ಲಿ 5 ಗಿಗಾಹರ್ಟ್ಸ್ ವೈಫೈ ಹೆಸರು ತಡವಾಗಿ ಕಾಣುವುದೂ ಕಾಯಿಲೆಯಲ್ಲ. ಆ ಬ್ಯಾಂಡಿನೊಳಗಿನ ಕೆಲವು ಚಾನೆಲ್‌ಗಳನ್ನು, ಅಂದರೆ ಅಲೆ ಓಡುವ ದಾರಿಗಳನ್ನು, ರೇಡಾರ್‌ಗಳೂ ಬಳಸುತ್ತವೆ. ಅಲ್ಲಿ ರೇಡಾರ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ರೂಟರ್ ಕನಿಷ್ಠ 1 ನಿಮಿಷ ಕೇಳಿಸಿಕೊಂಡು, ಆಮೇಲಷ್ಟೇ ಹೆಸರು ತೋರಿಸುತ್ತದೆ.

ಎಲ್ಲದಕ್ಕೂ ಇಲ್ಲವೋ, ಒಂದಕ್ಕೆ ಮಾತ್ರವೋ?

ಮನೆಯ ಒಂದು ಫೋನಿಗೆ ಸಿಕ್ಕಿದರೂ ರೂಟರ್ ಮತ್ತು ಲೈನ್ ಹೆಚ್ಚುಕಡಿಮೆ ಪಾಸಾದಂತೆ. ಉಳಿದದ್ದು ಸೇರದ ಯಂತ್ರದ ಕಥೆ.

ಅದರಲ್ಲಿ ಹೆಚ್ಚಿನದು ಐಪಿ ವಿಳಾಸದ ಗಲಾಟೆ. ಕ್ಲಿನಿಕ್ಕಿನಲ್ಲಿ ಟೋಕನ್ ಕೊಟ್ಟ ಹಾಗೆ ರೂಟರ್ ಪ್ರತಿ ಯಂತ್ರಕ್ಕೂ ಒಂದು ನಂಬರ್ ಕೊಡುತ್ತದೆ. ಕರೆಂಟು ಹೋದಾಗ ಹಲವು ರೂಟರ್‌ಗಳ ಟೋಕನ್ ಪುಸ್ತಕವೇ ಅಳಿಸಿಹೋಗುತ್ತದೆ. ಬ್ಯಾಟರಿ ಇರುವ ಲ್ಯಾಪ್‌ಟಾಪ್ ಮಾತ್ರ ಹಳೆಯ ಟೋಕನ್ ಹಿಡಿದುಕೊಂಡೇ ಇರುತ್ತದೆ. ಅದೇ ನಂಬರು ಟಿವಿಗೂ ಹೋದರೆ ಎರಡಕ್ಕೂ ಜಗಳ. ಫೋನಿನಲ್ಲಾದರೆ ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ಹೊಸ ನಂಬರ್ ಕೇಳುತ್ತದೆ. ಟಿವಿಯನ್ನು ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಗೋಡೆಯ ಸ್ವಿಚ್ಚನ್ನೇ ಆರಿಸಿ. ಆಗಲೂ ಆಗದಿದ್ದರೆ ವೈಫೈ ಸೆಟ್ಟಿಂಗ್ಸ್‌ನಲ್ಲಿ ಆ ಹೆಸರಿಗೆ ‘ಫಾರ್ಗೆಟ್’ ಕೊಟ್ಟು ಪಾಸ್‌ವರ್ಡ್ ಹೊಸದಾಗಿ ಹಾಕಿ. ಪಾಸ್‌ವರ್ಡ್ ಎಲ್ಲಿ ಬರೆದಿಟ್ಟಿದ್ದೀರಿ ಅಂತ ಫಾರ್ಗೆಟ್ ಕೊಡುವ ಮೊದಲೇ ನೋಡಿಕೊಳ್ಳಿ.

ಐಪಿ ವಿಳಾಸ ನೋಡಲು ಬರುವವರಿಗೆ ಒಂದು ಸುಳಿವು: ಅದು 169.254 ಅಂತ ಶುರುವಾಗಿದ್ದರೆ ರೂಟರಿನಿಂದ ನಂಬರ್ ಸಿಕ್ಕೇ ಇಲ್ಲ, ಯಂತ್ರ ತಾನೇ ಒಂದು ಹಾಕಿಕೊಂಡಿದೆ. 192.168 ಅಂತಿದ್ದರೆ ಸಾಮಾನ್ಯವಾಗಿ ನಂಬರ್ ಸಿಕ್ಕಿದೆ, ತೊಂದರೆ ಬೇರೆ ಕಡೆ.

ಅಂಗಳದ ಕ್ಯಾಮೆರಾ ಮತ್ತು ಸ್ಮಾರ್ಟ್ ಪ್ಲಗ್‌ಗಳದ್ದು ಬೇರೆ ಜಾತಿ. ಇವುಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಒಂದು ಲೆಕ್ಕದಲ್ಲಿ ಒಳ್ಳೆಯದೇ, ನಮ್ಮ ಕೆಂಪುಕಲ್ಲಿನ ಗೋಡೆ ದಾಟಲು 5ಕ್ಕಿಂತ 2.4 ವಾಸಿ. ರೂಟರ್ ಎರಡೂ ಬ್ಯಾಂಡಿಗೆ ಒಂದೇ ಹೆಸರು ಇಟ್ಟುಕೊಂಡಿದ್ದರೆ ಕೆಲವು ಕ್ಯಾಮೆರಾಗಳು ಗಲಿಬಿಲಿಗೊಳ್ಳುತ್ತವೆ. ಬ್ರೌಸರಿನಲ್ಲಿ ರೂಟರಿನ ಪೇಜ್ ತೆರೆದು ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಆ ಪೇಜಿನ ವಿಳಾಸ ಮತ್ತು ಪಾಸ್‌ವರ್ಡ್ ಬಹುಪಾಲು ರೂಟರ್‌ಗಳ ಅಡಿಯ ಸ್ಟಿಕ್ಕರಿನಲ್ಲೇ ಇರುತ್ತದೆ.

ಅದೇ ಪೇಜಿನಲ್ಲಿ ಇನ್ನೆರಡು ವಿಷಯ. 2.4ರ ಚಾನೆಲ್ ‘ಆಟೋ’ದಲ್ಲಿದ್ದರೆ ಪ್ರತಿ ರೀಸ್ಟಾರ್ಟ್‌ಗೂ ರೂಟರ್ ಹೊಸ ಚಾನೆಲ್ ಆರಿಸಬಹುದು. 12 ಅಥವಾ 13ಕ್ಕೆ ಹೋದರೆ ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಕೆಲವು ಸಾಧನಗಳಿಗೆ ಅದು ಕಾಣುವುದೇ ಇಲ್ಲ. ಮಗ ಅಲ್ಲಿಂದ ತಂದುಕೊಟ್ಟ ಟ್ಯಾಬ್ ನಿನ್ನೆ ಸರಿ ಇದ್ದು ಇಂದು ಕೈಕೊಟ್ಟರೆ ಇದೂ ಕಾರಣ ಇರಬಹುದು. 1, 6 ಅಥವಾ 11ಕ್ಕೆ ನಿಲ್ಲಿಸಿಬಿಡಿ. ಸೆಕ್ಯೂರಿಟಿ ಎಂಬಲ್ಲಿ ಹೊಸ ಬಗೆಯ ಬೀಗವಾದ ಡಬ್ಲ್ಯುಪಿಎ3 ಮಾತ್ರ ಅಂತಿದ್ದರೆ ಹಳೆಯ ಟಿವಿ, ಪ್ರಿಂಟರ್‌ಗಳು ಸೇರುವುದಿಲ್ಲ. ಡಬ್ಲ್ಯುಪಿಎ2 ಕೂಡ ಇರುವ ಆಯ್ಕೆ ಹಾಕಿ. ಸೆಕ್ಯೂರಿಟಿಯನ್ನೇ ತೆಗೆದುಹಾಕುವ ಬುದ್ಧಿವಂತಿಕೆ ಮಾತ್ರ ಬೇಡ.

ಏನು ಮಾಡಿದರೂ ಯಂತ್ರ ಜಗ್ಗದಿದ್ದರೆ ಇನ್ನೊಂದು ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿ ನೋಡಿ. ಅಲ್ಲೂ ಸೇರದಿದ್ದರೆ ರೂಟರನ್ನು ಬೈಯುವುದು ಬಿಟ್ಟುಬಿಡಿ.

ಅಡಾಪ್ಟರ್ ಮೇಲೂ ಒಂದು ಕಣ್ಣು

ವೈಫೈ ಸೇರಿ ಸೇರಿ ಬಿಟ್ಟುಹೋಗುತ್ತಿದ್ದರೆ, ರೂಟರಿನ ದೀಪಗಳೆಲ್ಲ ಒಟ್ಟಿಗೆ ಆರಿ ಮತ್ತೆ ಉರಿಯುತ್ತಿದ್ದರೆ, ಅಡಾಪ್ಟರ್ ಸೋತಿದೆ ಅಂತ ನಾನು ಮೊದಲು ಅನುಮಾನಿಸುತ್ತೇನೆ. ಸಿಡಿಲಿನ ಹೊಡೆತಕ್ಕೆ ಅದು ಪೂರ್ತಿ ಸಾಯದೆ ಅರೆಜೀವದಲ್ಲಿ ಉಳಿಯುವುದುಂಟು. ಬದಲಿಸುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಲಿ. ಪಿನ್ನು ಹೊಂದಿತು ಎಂದು 9 ವೋಲ್ಟಿನ ರೂಟರಿಗೆ 12 ವೋಲ್ಟಿನದ್ದು ಚುಚ್ಚಬೇಡಿ.

ಈ ರಗಳೆಯೇ ಬೇಡ ಅನ್ನುವವರಿಗೆ ರೂಟರಿಗೆಂದೇ ಸಿಗುವ ಮಿನಿ ಯುಪಿಎಸ್ ಇದೆ. ಪೆಟ್ಟಿಗೆ ಎರಡಿದ್ದರೆ ಎರಡಕ್ಕೂ ಬೇಕು, ಒಂದು ಮಲಗಿದರೆ ಇನ್ನೊಂದು ಎದ್ದಿದ್ದೂ ದಂಡ. ಗುಡುಗು ಹತ್ತಿರ ಬಂದಾಗ ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಟ್ಟರೆ ಬ್ಯಾಟರಿಯಲ್ಲಿ ವೈಫೈ ನಡೆಯುತ್ತಲೇ ಇರುತ್ತದೆ. ಅಂಗಳದ ಕ್ಯಾಮೆರಾದಿಂದ ಲ್ಯಾನ್ ವೈರು ರೂಟರಿಗೆ ಬಂದಿದ್ದರೆ ಅದನ್ನೂ ಕಳಚಿಡಿ. ಫೈಬರಿನ ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ, ತಾಮ್ರದ ವೈರಿನಲ್ಲಿ ಹರಿಯುತ್ತದೆ. ಇದನ್ನೆಲ್ಲ ಮೋಡ ಕಟ್ಟುವಾಗಲೇ ಮಾಡಿ. ತಲೆ ಮೇಲೆ ಸಿಡಿಲು ಹೊಡೆಯುತ್ತಿರುವಾಗ ವೈರು ಮುಟ್ಟಲು ಹೋಗಬೇಡಿ.