1,400 ರೂಪಾಯಿಯ ಇಯರ್‌ಫೋನಿನಲ್ಲಿ ಗುಮ್ಕಿ ಕೇಳಿಸಿಕೊಂಡ ಬಗೆ

ನಾನು ಮೃದಂಗದ ವಿದ್ಯಾರ್ಥಿ. ಕೆಲಸದ ನಿಮಿತ್ತ ದಿನವೂ ರಾಮನಗರದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುತ್ತೇನೆ, ಆ ಎರಡು ಹೊತ್ತೂ ಸಂಗೀತ ಕಛೇರಿಗಳ ಧ್ವನಿಮುದ್ರಣ ಕೇಳುತ್ತೇನೆ. ಪಾಠದಲ್ಲಿ ಗುರುಗಳು ಹೇಳಿಕೊಟ್ಟದ್ದು ದೊಡ್ಡ ವಿದ್ವಾಂಸರ ಕೈಯಲ್ಲಿ ಹೇಗೆ ಬರುತ್ತದೆ ಎಂದು ಗಮನಿಸುವುದೇ ಈ ಕೇಳ್ಮೆಯ ಉದ್ದೇಶವಾದ್ದರಿಂದ ಎಡಗೈಯ ಕೆಲಸ ನನಗೆ ಸ್ಪಷ್ಟವಾಗಿ ಕೇಳಲೇಬೇಕು. ಮೃದಂಗದ ಎಡಬದಿಯ ಚರ್ಮ, ಅಂದರೆ ಎಡಮುಚ್ಚಿನ ಮೇಲೆ ಅಂಗೈಯ ಬುಡವನ್ನು ಒತ್ತಿ ಜಾರಿಸಿದಾಗ ನಾದವು ಕೆಳಗಿನಿಂದ ಮೇಲಕ್ಕೆ ಬಾಗುತ್ತದಲ್ಲ, ಆ ಗುಮ್ಕಿ ಕೇಳದಿದ್ದರೆ ಕಛೇರಿಯಲ್ಲಿ ತಾಳವಾದ್ಯವೊಂದೇ ನುಡಿಯುವ ತನಿ ಆವರ್ತನದ ಅರ್ಧ ಕೇಳಿಲ್ಲವೆಂದೇ ಲೆಕ್ಕ.

ಕಿವಿಯ ನಾಳದೊಳಗೆ ಕೂರುವ, ವೈರ್ ಇರುವ ಒಂದು ಇಯರ್‌ಫೋನನ್ನು 1,400 ರೂಪಾಯಿ ಕೊಟ್ಟು ಕೊಂಡೆ. ಕೊಂಡವರೆಲ್ಲ ಅದನ್ನು ಹೊಗಳಿದ್ದರು. ನನ್ನ ಕಿವಿಗೆ ಮಾತ್ರ ಮೊದಲ ವಾರವೆಲ್ಲ ನಿರಾಶೆಯೇ ಆಯಿತು. ಬಲಮುಚ್ಚಿನ ಮೇಲಿನ ಚಾಪು ಎಂಬ ಹೊಡೆತ ಸೂಜಿಯಂತೆ ಚುಚ್ಚುತ್ತಿತ್ತು, ಗುಮ್ಕಿ ಇದ್ದ ಜಾಗದಲ್ಲಿ ಚರ್ಮವನ್ನು ಉಜ್ಜಿದ ಸಪ್ಪಳ ಬಿಟ್ಟರೆ ಬೇರೇನೂ ಇರಲಿಲ್ಲ. ದೋಷವಿರುವ ಮಾಲು ಬಂದಿದೆ ಎಂದುಕೊಂಡು ಹಿಂದಿರುಗಿಸುವ ಯೋಚನೆಯಲ್ಲಿದ್ದೆ.

ಒಂದು ಸಂಜೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ದಣಿದು, ಎಡಗಿವಿಯನ್ನು ಅಂಗೈಯ ಮೇಲಿಟ್ಟು ಕಿಟಕಿಗೆ ಒರಗಿದೆ. ಆ ಕ್ಷಣವೇ ಎಡಗಿವಿಯಲ್ಲಿ ಗುಮ್ಕಿ ತುಂಬಿಕೊಂಡು ಬಂತು. ತಲೆ ಎತ್ತಿದೆ, ಹೋಯಿತು. ಮತ್ತೆ ಒರಗಿದೆ, ಬಂತು. ಕೆಂಗೇರಿಯಿಂದ ಬಿಡದಿಯವರೆಗೆ ಇದನ್ನೇ ಮಾಡುತ್ತ ಕುಳಿತೆ. ಇಯರ್‌ಫೋನಿನಲ್ಲಿ ಬೇಸ್, ಅಂದರೆ ಕೆಳಸ್ವರಗಳ ನಾದ, ಮೊದಲಿನಿಂದಲೂ ಇತ್ತು, ಅದು ನನ್ನ ಕಿವಿಯ ಅಂಚಿನಿಂದ ಸೋರಿಹೋಗುತ್ತಿತ್ತು ಎಂಬುದು ಅಂದು ಗೊತ್ತಾಯಿತು.

ಇದರ ಕಾರಣವನ್ನು ನಾನು ಸೈಕಲ್ ಪಂಪಿನ ಮೂಲಕ ಅರ್ಥಮಾಡಿಕೊಂಡೆ. ಪಂಪಿನ ಒಳಗಿನ ವಾಷರ್ ಸವೆದಿದ್ದರೆ, ಹಿಡಿಯನ್ನು ನಿಧಾನವಾಗಿ ಒತ್ತಿದಾಗ ಗಾಳಿಯೆಲ್ಲ ಪಕ್ಕದಿಂದ ಜಾರಿಹೋಗುತ್ತದೆ, ರಭಸವಾಗಿ ಒತ್ತಿದರೆ ಮಾತ್ರ ಸ್ವಲ್ಪ ಒತ್ತಡ ಹುಟ್ಟುತ್ತದೆ. ಇಯರ್‌ಫೋನಿನ ಪುಟ್ಟ ಪೊರೆ ಮಾಡುವುದೂ ಇದೇ ಕೆಲಸ. ಸೆಕೆಂಡಿಗೆ 50 ಸಲ ಅಲುಗುವ ಕೆಳಸ್ವರಕ್ಕೆ ಕಿವಿಯ ನಾಳ ಮುಚ್ಚಿದ ಕೋಣೆಯಾಗಿರಲೇಬೇಕು, ಸಣ್ಣ ಬಿರುಕಿದ್ದರೂ ಆ ನಿಧಾನದ ಅಲುಗಾಟದ ಒತ್ತಡ ಹೊರಗೆ ಸೋರುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಅಲುಗುವ ಮೇಲಿನ ಸ್ವರಗಳಿಗೆ ಸೋರುವಷ್ಟು ಸಮಯವೇ ಇಲ್ಲ, ಆದ್ದರಿಂದ ಅವು ಹಾಗೆಯೇ ಉಳಿದು, ಕೆಳಗಿನ ಆಸರೆಯಿಲ್ಲದೆ ಇನ್ನಷ್ಟು ಕಟುವಾಗಿ ಕೇಳುತ್ತವೆ. ಚಾಪು ಚುಚ್ಚುತ್ತಿದ್ದುದೂ ಗುಮ್ಕಿ ಕಾಣೆಯಾದದ್ದೂ ಒಂದೇ ಬಿರುಕಿನಿಂದ.

ಡಬ್ಬದಲ್ಲಿ ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರು ಅಳತೆಯ ಸಿಲಿಕೋನ್ ಟಿಪ್‌ಗಳು, ಅಂದರೆ ಕಿವಿಯೊಳಗೆ ಕೂರುವ ಮೆತ್ತನೆಯ ತುದಿಗಳು ಇದ್ದವು. ಎಲ್ಲರಂತೆ ನಾನೂ ಅದಕ್ಕೆ ಮೊದಲೇ ಹಾಕಿ ಕಳಿಸಿದ್ದ ಮಧ್ಯಮವನ್ನು ಎರಡೂ ಕಡೆ ಹಾಗೆಯೇ ಬಿಟ್ಟಿದ್ದೆ. ಎರಡು ಕಿವಿಯ ನಾಳಗಳು ಒಂದೇ ಅಳತೆಯಲ್ಲಿರಬೇಕೆಂಬ ನಿಯಮವೇನಿಲ್ಲ, ನನ್ನ ಎಡಗಿವಿಯದು ಬಲದ್ದಕ್ಕಿಂತ ಅಗಲ. ಆ ಭಾನುವಾರ ಮನೆಯಲ್ಲಿ ಕುಳಿತು ಎರಡು ಪರೀಕ್ಷೆಗಳಿಂದ ಇದನ್ನು ತೀರ್ಮಾನಿಸಿದೆ. ಮೊದಲನೆಯದಕ್ಕೆ ಫೋನೇ ಬೇಡ. ಇಯರ್‌ಫೋನ್ ಹಾಕಿಕೊಂಡು, ಬಾಯಿ ಮುಚ್ಚಿ, ಕೆಳಗಿನ ಷಡ್ಜದಲ್ಲಿ ಹ್ಮ್ ಎಂದು ಶ್ರುತಿ ಹಿಡಿದೆ. ನಾಳ ಸರಿಯಾಗಿ ಮುಚ್ಚಿದ್ದರೆ ನಮ್ಮ ದನಿಯೇ ತಲೆಯೊಳಗೆ ಗುಂಯ್ ಎಂದು ದೊಡ್ಡದಾಗುತ್ತದೆ. ನನಗೆ ಬಲಗಡೆ ಹಾಗೆ ಆಗುತ್ತಿತ್ತು, ಎಡಗಡೆ ಆಗುತ್ತಿರಲಿಲ್ಲ. ಎರಡನೆಯದಕ್ಕೆ, ಬೇಕಾದ ಕಂಪನದ ಸ್ವರವನ್ನು ನುಡಿಸುವ ಒಂದು ಉಚಿತ ಆ್ಯಪ್‌ನಲ್ಲಿ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಅಲುಗುವ ಸ್ವರವನ್ನು ಮೆಲ್ಲಗೆ ಇಟ್ಟು, ಒಂದೊಂದೇ ಕಡೆ ಬೆರಳಿನಿಂದ ಇಯರ್‌ಫೋನನ್ನು ಹಗುರವಾಗಿ ಒಳಕ್ಕೆ ಒತ್ತಿದೆ. ಒತ್ತಿದಾಗ ಸ್ವರ ಜೋರಾದರೆ ಅಲ್ಲಿ ಸೋರಿಕೆ ಇದೆ ಎಂದರ್ಥ, ಏನೂ ಬದಲಾಗದಿದ್ದರೆ ಟಿಪ್ ಸರಿಯಾಗಿ ಕೂತಿದೆ. ಎಡಕ್ಕೆ ದೊಡ್ಡದು, ಬಲಕ್ಕೆ ಮಧ್ಯಮ ಎಂದು ಹಾಕಿಕೊಂಡಾಗ ಎರಡೂ ಕಡೆ ಸ್ವರದ ಜೋರು ಬದಲಾಗಲಿಲ್ಲ.

ಹಾಕಿಕೊಳ್ಳುವ ಕ್ರಮವನ್ನೂ ಆಗಲೇ ತಿದ್ದಿಕೊಂಡೆ. ಬಲಗೈಯನ್ನು ತಲೆಯ ಹಿಂದಿನಿಂದ ತಂದು ಎಡಗಿವಿಯ ಹಾಲೆಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ನಾಳ ನೇರವಾಗುತ್ತದೆ, ಆಗ ಎಡಗೈಯಿಂದ ಇಯರ್‌ಫೋನನ್ನು ಸ್ವಲ್ಪ ತಿರುಗಿಸುತ್ತ ಒಳಗೆ ಕೂರಿಸಿ ಹಾಲೆಯನ್ನು ಬಿಡಬೇಕು. ಅವಸರದಿಂದ ತುರುಕಿದರೆ ಒಳಗೆ ಸಿಕ್ಕಿಬಿದ್ದ ಗಾಳಿ ಇಯರ್‌ಫೋನಿನ ಪೊರೆಯನ್ನು ಒತ್ತಿ ಚರಕ್ ಎಂಬ ಸದ್ದಾಗುತ್ತದೆ. ವೈರನ್ನು ಕಿವಿಯ ಮೇಲಿನಿಂದ ಹಿಂದಕ್ಕೆ ಹಾಯಿಸಿಕೊಂಡರೆ ಅಂಗಿಗೆ ಉಜ್ಜುವ ಸಪ್ಪಳವೂ ನಿಲ್ಲುತ್ತದೆ.

ಇಷ್ಟಾದ ಮೇಲೆ ಇನ್ನೂ ಉತ್ತಮವಾದೀತೆಂದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್‌.ಪಿ. ರಸ್ತೆಯಲ್ಲಿ ಹುಡುಕಿ ಒಂದು ಜೊತೆ ಫೋಮ್ ಟಿಪ್ ತಂದೆ. ಬೆರಳಿನ ನಡುವೆ ಹೊಸೆದು ಸಣ್ಣದು ಮಾಡಿ ಕಿವಿಯೊಳಗಿಟ್ಟು ಅರ್ಧ ನಿಮಿಷ ಹಿಡಿದುಕೊಂಡರೆ ಅದು ಮೈಶಾಖಕ್ಕೆ ಅರಳಿ ನಾಳದ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ರೈಲಿನ ಗದ್ದಲ ಬಹಳ ಇಳಿಯಿತು. ಆದರೆ ಫೋಮ್ ಮೇಲಿನ ಸ್ವರಗಳನ್ನು ಸ್ವಲ್ಪ ನುಂಗುತ್ತದೆ. ತಂಬೂರಿಯ ಕುದುರೆಯ ಮೇಲೆ ದಾರ ಇಟ್ಟು ತರುವ ಆ ಝೇಂಕಾರವೇ ಮಂಕಾಯಿತು. ಚುಚ್ಚುವ ಇಯರ್‌ಫೋನಿಗೆ ಅದು ಔಷಧಿಯಾಗಬಹುದು, ನನಗೆ ಬೇಕಾಗಿರಲಿಲ್ಲ. ಮರಳಿ ಸಿಲಿಕೋನಿಗೇ ಬಂದೆ. ಟಿಪ್ ಕೊಳ್ಳುವವರು ಇಯರ್‌ಫೋನಿನ ಮೂತಿಯ ಅಗಲವನ್ನು ಅಳೆದುಕೊಂಡು ಹೋಗಬೇಕು. ಸಡಿಲವಾದ ಟಿಪ್ ಇಯರ್‌ಫೋನ್ ತೆಗೆಯುವಾಗ ಕಿವಿಯೊಳಗೇ ಉಳಿದುಬಿಡುತ್ತದೆ. ನನಗೆ ಒಮ್ಮೆ ಹಾಗಾಗಿ ವೈದ್ಯರ ಬಳಿಗೆ ಹೋಗಬೇಕಾಯಿತು.

ಫೋನಿನ ಕಡೆಯಿಂದ ಹೇಳುವುದು ಕಡಿಮೆ. ಧ್ವನಿಯನ್ನು ಸುಧಾರಿಸುತ್ತೇವೆಂದು ಫೋನಿನಲ್ಲಿ ಮೊದಲೇ ಚಾಲೂ ಇದ್ದ ಎಫೆಕ್ಟ್‌ಗಳನ್ನೆಲ್ಲ ಆಫ್ ಮಾಡಿದೆ. ಸಂಗೀತದ ಆ್ಯಪ್ ಮೊಬೈಲ್ ಡೇಟಾದಲ್ಲಿ ತಾನಾಗಿಯೇ ಗುಣಮಟ್ಟ ಇಳಿಸುತ್ತಿತ್ತು, ಮನೆಯ ವೈಫೈಯಲ್ಲಿ 320 ಕೆಬಿಪಿಎಸ್‌ನ ಉತ್ತಮ ಗುಣಮಟ್ಟದಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳುವ ರೂಢಿ ಮಾಡಿಕೊಂಡೆ. ಹಳೆಯ ಟೇಪಿನಿಂದ ಬಂದ ಧ್ವನಿಮುದ್ರಣದ ಸುಯ್ ಎಂಬ ಸದ್ದನ್ನು ಯಾವ ಇಯರ್‌ಫೋನೂ ಹೋಗಲಾಡಿಸಲಾರದು, ಅಂಥವನ್ನು ಇಟ್ಟುಕೊಂಡು ಇಯರ್‌ಫೋನಿನ ಗುಣ ಅಳೆಯಬಾರದು.

ಕೊನೆಗೆ, ಬೇರೆ ಬೇರೆ ಕಂಪನದ ಸ್ವರಗಳ ಜೋರನ್ನು ಏರಿಸಿ ಇಳಿಸುವ ಈಕ್ವಲೈಜರ್‌ಗೆ ಕೈ ಹಾಕಿದೆ. ಟಿಪ್ ಸರಿಹೋಗುವ ಮೊದಲೇ ಇದನ್ನು ಮಾಡಿದ್ದರೆ ಸೋರುತ್ತಿದ್ದ ಬೇಸನ್ನು 10 ಡೆಸಿಬೆಲ್ ಏರಿಸಿ ಶಬ್ದವನ್ನು ಒಡೆಯುತ್ತಿದ್ದೆನೇ ಹೊರತು ಗುಮ್ಕಿ ಬರುತ್ತಿರಲಿಲ್ಲ. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ನಮ್ಮ ಕಿವಿಯ ನಾಳ ತೆರೆದಿದ್ದಾಗ ಕೊಳಲಿನಂತೆ ತನ್ನದೇ ಅನುರಣನದಿಂದ 3,000 ಹರ್ಟ್ಸ್‌ನ ಆಸುಪಾಸಿನ ಸ್ವರಗಳನ್ನು ಏರಿಸಿಕೊಡುತ್ತದೆ. ಇಯರ್‌ಫೋನ್ ನಾಳವನ್ನು ಮುಚ್ಚಿದಾಗ ಆ ಏರಿಕೆ ತಪ್ಪಿಹೋಗುವುದರಿಂದ, ಅದನ್ನು ಇಯರ್‌ಫೋನ್ ತಯಾರಿಸುವವರೇ ಧ್ವನಿಯಲ್ಲಿ ಸೇರಿಸಿಕೊಡುತ್ತಾರೆ. ನನ್ನದರಲ್ಲಿ ಅದು ಒಂದು ತೂಕ ಹೆಚ್ಚಾಗಿತ್ತು, ಪಿಟೀಲಿನ ಮೇಲಿನ ಸ್ಥಾಯಿ ಮುಖಕ್ಕೆ ಹತ್ತಿರ ಬಂದಂತೆ ಕೇಳುತ್ತಿತ್ತು. ಅಲ್ಲಿ 2 ಡೆಸಿಬೆಲ್ ಇಳಿಸಿದೆ. ಆಮೇಲೆ ಸ್ವರದ ಆ್ಯಪ್‌ನಲ್ಲಿ ದನಿಯನ್ನು ಬಹಳ ಸಣ್ಣದಾಗಿಟ್ಟು 5,000ದಿಂದ 10,000 ಹರ್ಟ್ಸ್‌ವರೆಗೆ ನಿಧಾನವಾಗಿ ಏರುತ್ತ ಹೋದೆ. 7,500ರ ಬಳಿ ಸ್ವರ ಒಮ್ಮೆಲೇ ಎದ್ದು ನಿಂತಿತು. ಆ ಜಾಗವನ್ನು ಮಾತ್ರ ಕಿರಿದಾಗಿ ಹಿಡಿದು 4 ಡೆಸಿಬೆಲ್ ತಗ್ಗಿಸಿದೆ. ಚಾಪಿನ ಚುಚ್ಚು ಹೋಗಿ ನಾದ ಉಳಿಯಿತು. ಹೀಗೆ ಸ್ವರ ಎದ್ದು ನಿಲ್ಲುವ ಜಾಗ ಇಯರ್‌ಫೋನ್ ಎಷ್ಟು ಆಳದಲ್ಲಿ ಕೂತಿದೆ ಎಂಬುದರ ಮೇಲೆ ಜರುಗುತ್ತದೆ, ಆಳವಾದಷ್ಟೂ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ನನ್ನ ಅಂಕಿಯನ್ನು ಬೇರೆಯವರು ತೆಗೆದುಕೊಂಡು ಪ್ರಯೋಜನವಿಲ್ಲ, ಅವರವರ ಕಿವಿಯಲ್ಲೇ ಹುಡುಕಿಕೊಳ್ಳಬೇಕು. ಆಟೋಈಕ್ಯೂ ಎಂಬ ಉಚಿತ ಯೋಜನೆಯಲ್ಲಿ ಸಾವಿರಾರು ಮಾದರಿಗಳಿಗೆ ಸಿದ್ಧ ತಿದ್ದುಪಡಿಗಳು ಸಿಗುತ್ತವೆ, ಆಂಡ್ರಾಯ್ಡ್‌ನ ವೇವ್‌ಲೆಟ್ ಆ್ಯಪ್ ಅವನ್ನೇ ಬಳಸುತ್ತದೆ. ಅವು ಕೃತಕ ಕಿವಿಯಲ್ಲಿ ಮಾಡಿದ ಅಳತೆಗಳನ್ನು ಆಧರಿಸಿರುವುದರಿಂದ ಕೆಳಗಿನ ಮತ್ತು ನಡುವಿನ ಸ್ವರಗಳಿಗೆ ನಾನು ಅವನ್ನು ನಂಬಿದೆ, ಮೇಲಿನದನ್ನು ಕೇಳಿಯೇ ತಿದ್ದಿಕೊಂಡೆ.

ಏರಿಸಿದ್ದು ಒಂದೇ ಕಡೆ, 70 ಹರ್ಟ್ಸ್‌ನ ಕೆಳಗೆ 2 ಡೆಸಿಬೆಲ್. ಅದಕ್ಕೆ ಸರಿಯಾಗಿ ಒಟ್ಟು ಮಟ್ಟವನ್ನು 3 ಡೆಸಿಬೆಲ್ ಇಳಿಸಿದೆ, ಇಲ್ಲದಿದ್ದರೆ ಜೋರಾದ ಹೊಡೆತಗಳಲ್ಲಿ ಶಬ್ದ ಒಡೆಯುತ್ತದೆ. ಮೊದಲಿನದನ್ನೂ ತಿದ್ದಿದ್ದನ್ನೂ ಹೋಲಿಸುವಾಗ ಎರಡನ್ನೂ ಒಂದೇ ಜೋರಿಗೆ ತಂದುಕೊಳ್ಳಬೇಕು. ಸ್ವಲ್ಪ ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಎನ್ನಿಸಿಬಿಡುತ್ತದೆ, ನಾನೇ ಎರಡು ದಿನ ಇದರಿಂದ ಮೋಸಹೋಗಿದ್ದೆ. ಅಂತಿಮ ತೀರ್ಪನ್ನು ಮೃದಂಗವೇ ಕೊಟ್ಟಿತು. ಎಡಮುಚ್ಚಿಗೆ ರವೆ ಹಚ್ಚಿ ಶ್ರುತಿ ಮಾಡಿದ ನನ್ನ ವಾದ್ಯವನ್ನು ಮುಂದಿಟ್ಟುಕೊಂಡು ಒಂದು ಗುಮ್ಕಿ ನುಡಿಸುವುದು, ತಕ್ಷಣ ಇಯರ್‌ಫೋನ್ ಹಾಕಿ ಧ್ವನಿಮುದ್ರಣದ ಗುಮ್ಕಿ ಕೇಳುವುದು, ಹೀಗೆ ಹಲವು ಸಲ ಮಾಡಿ ತೃಪ್ತಿಯಾದ ಮೇಲೆ ಆ ಅಂಕಿಗಳನ್ನು ಮತ್ತೆ ಮುಟ್ಟಿಲ್ಲ.

ನಾನು ನಿರೀಕ್ಷಿಸದೆ ದೊರೆತ ಲಾಭವೆಂದರೆ ದನಿಯ ಮಟ್ಟ ಇಳಿದದ್ದು. ಮೊದಲು ರೈಲಿನ ಸದ್ದನ್ನು ಮೀರಿಸಲು ವಾಲ್ಯೂಮನ್ನು ಮುಕ್ಕಾಲಿಗಿಂತ ಮೇಲೆ ಇಡುತ್ತಿದ್ದೆ. ಟಿಪ್ ಸರಿಯಾಗಿ ಮುಚ್ಚಿಕೊಂಡಾಗ ಹೊರಗಿನ ಸದ್ದು ತಾನಾಗಿ ತಗ್ಗಿ, ಅರ್ಧಕ್ಕಿಂತ ಕಡಿಮೆಯಲ್ಲೇ ಎಲ್ಲ ಕೇಳುತ್ತಿದೆ. ದೊಡ್ಡವರಿಗೆ ವಾರಕ್ಕೆ 40 ಗಂಟೆಗೆ 80 ಡೆಸಿಬೆಲ್ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, 3 ಡೆಸಿಬೆಲ್ ಏರಿಸಿದರೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಕಿವಿಯನ್ನೇ ನಂಬಿ ಶ್ರುತಿ ಸೇರಿಸುವ ನನ್ನಂಥವರು ಈ ಲೆಕ್ಕವನ್ನು ಹಗುರವಾಗಿ ಎಣಿಸುವಂತಿಲ್ಲ.

ಆರು ತಿಂಗಳ ಬಳಿಕ ಬಲಗಡೆಯ ದನಿ ದಿನೇ ದಿನೇ ಸಣ್ಣದಾಗುತ್ತ ಬಂತು. ಒಳಗೆ ಶಬ್ದ ಹುಟ್ಟಿಸುವ ಡ್ರೈವರ್ ಹೋಯಿತೆಂದು ಹೆದರಿದ್ದೆ. ಟಿಪ್ ಕಳಚಿ ಬೆಳಕಿಗೆ ಹಿಡಿದು ನೋಡಿದರೆ ಮೂತಿಯ ಜಾಲರಿಯ ಮೇಲೆ ಕಿವಿಯ ಗುಗ್ಗೆ ತೆಳ್ಳಗೆ ಕಟ್ಟಿಕೊಂಡಿತ್ತು. ಸಡಿಲವಾದ ಪುಡಿ ಕೆಳಗೆ ಬೀಳುವಂತೆ ಮೂತಿಯನ್ನು ನೆಲಕ್ಕೆ ಮುಖಮಾಡಿ ಹಿಡಿದು, ಮಕ್ಕಳ ಹಲ್ಲುಜ್ಜುವ ಮೃದುವಾದ ಒಣ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದೆ. ದನಿ ಪೂರ್ತಿ ಮರಳಿತು. ಪಿನ್ನು, ನೀರು, ಸ್ಪಿರಿಟ್ ಯಾವುದನ್ನೂ ಜಾಲರಿಗೆ ತಾಗಿಸಬಾರದು, ಒಳಗೆ ಇಳಿದರೆ ಪೊರೆ ಕೆಡುತ್ತದೆ. ಈಗ ಪ್ರತಿ ಭಾನುವಾರ ಟಿಪ್‌ಗಳನ್ನು ಮಾತ್ರ ಕಳಚಿ ಸೋಪಿನ ನೀರಿನಲ್ಲಿ ತೊಳೆದು, ಮೃದಂಗದ ಪಕ್ಕದ ಕಿಟಕಿಕಟ್ಟೆಯ ಮೇಲೆ ಒಣಗಲು ಇಡುತ್ತೇನೆ. ಸಂಜೆ ಚೆನ್ನಾಗಿ ಒಣಗಿದ ಮೇಲೆ ದೊಡ್ಡದನ್ನು ಎಡಕ್ಕೆ, ಮಧ್ಯಮವನ್ನು ಬಲಕ್ಕೆ ಹಾಕಿ, ಒಮ್ಮೆ ಹ್ಮ್ ಎಂದು ಶ್ರುತಿ ಹಿಡಿದು ನೋಡಿ, ಸೋಮವಾರದ ಚೀಲಕ್ಕೆ ಸೇರಿಸುತ್ತೇನೆ.